ವೆಬ್‌ಸೈಟ್ ನಿಮ್ಮದು, ಹೊಣೆ ಯಾರದು? 250 ಕೋಟಿ ದಂಡ, 3 ತಾಸಿನ ಆದೇಶ, ಬೆಳಗಾವಿ ಮಸೂದೆ: ಮೂರೂ ಬಿಡಿಸಿ ನೋಡೂಣು

ಮೂರ್ನಾಕು ತಿಂಗಳೊಳಗ ಮೂರು ಸುದ್ದಿ ಒಂದರ ಬೆನ್ನಿಗೊಂದು ಬಂದ್ವು. 2025ರ ನವೆಂಬರ್ 14ಕ್ಕ ಕೇಂದ್ರ ಸರ್ಕಾರ ಡಿಜಿಟಲ್ ವೈಯಕ್ತಿಕ ಡೇಟಾ ರಕ್ಷಣೆಯ ರೂಲ್ಸ್ ಹೊರಡಿಸ್ತು, ಟಿವಿಯವರು 250 ಕೋಟಿ ದಂಡ ಅಂತ ದೊಡ್ಡ ಅಕ್ಷರದಾಗ ಹಾಕಿದ್ರು. ಡಿಸೆಂಬರ್ 18ಕ್ಕ ಇಲ್ಲೇ ನಮ್ಮ ಬೆಳಗಾವಿ ಸುವರ್ಣ ಸೌಧದಾಗ ದ್ವೇಷ ಭಾಷಣದ ಮಸೂದೆ ಗದ್ದಲದ ನಡುವನ ವಿಧಾನಸಭೆಯೊಳಗ ಪಾಸ್ ಆತು. 2026ರ ಫೆಬ್ರುವರಿ 20ರಿಂದ ಐಟಿ ರೂಲ್ಸಿನ ತಿದ್ದುಪಡಿ ಜಾರಿಗೆ ಬಂತು, ತೆಗೀರಿ ಅಂತ ಆದೇಶ ಬಂದ್ರ ಮೊದಲ 36 ತಾಸು ಟೈಮ್ ಇತ್ತು, ಈಗ 3 ತಾಸು ಅಷ್ಟ.

ವಾಟ್ಸಾಪ್‌ನಾಗ ಈ ಮೂರೂ ಕೂಡಿ ಗಿರಮಿಟ್ಟ ಕಲಸಿದಂಗ ಆಗಿ, "ವೆಬ್‌ಸೈಟ್ ಇದ್ದವರು 3 ತಾಸಿನಾಗ ಉತ್ತರ ಕೊಡದಿದ್ರ 250 ಕೋಟಿ ದಂಡ, 7 ವರ್ಷ ಜೈಲು" ಅನ್ನೂ ಮಟ್ಟಕ್ಕ ಬಂದು ನಿಂತೈತಿ. ಇಳಕಲ್ಲ ಸೀರಿ ಮಾರೂ ಸಣ್ಣ ಸೈಟಿನವರು, ಅಮೀನಗಡದ ಕರದಂಟಿಗೆ ಆನ್‌ಲೈನ್ ಆರ್ಡರ್ ತಗೋಳೂ ಅಂಗಡಿಯವರು, ವಿಜಯಪುರದ ಕೋಚಿಂಗ್ ಕ್ಲಾಸಿನವರು, ಬೆಳಗಾವ್ಯಾಗ ಲೋಕಲ್ ನ್ಯೂಸ್ ಪೋರ್ಟಲ್ ನಡಸೂ ಹುಡುಗರು, ಸೌಹಾರ್ದ ಸೊಸೈಟಿಯವರು, ಎಲ್ಲಾರಿಗೂ ಒಂದ ಪ್ರಶ್ನೆ ಕಾಡಾಕತ್ತೈತಿ: ಸೈಟ್ ಬಂದ್ ಮಾಡಿಬಿಡೂದೇನ? ಬ್ಯಾಡ್ರಿ. ಆದ್ರ ಹಂಗ ಬಿಟ್ಟು ಕುಂಡ್ರೂದೂ ಬ್ಯಾಡ.

ಕಾನೂನು ಸೈಟ್ ನೋಡಂಗಿಲ್ಲ, ಕೈ ನೋಡತೈತಿ

ಭಾರತದಾಗ "ವೆಬ್‌ಸೈಟ್ ಕಾನೂನು" ಅಂತ ಒಂದು ಪುಸ್ತಕ ಇಲ್ಲ. ಗೊಂದಲ ಹುಟ್ಟೂದ ಇಲ್ಲಿಂದ. ಸೈಟ್ ಒಂದ ಇದ್ರೂ ಅದರೊಳಗ ನಡಿಯೂ ಕೆಲಸ ಬ್ಯಾರೆ ಬ್ಯಾರೆ, ಒಂದೊಂದು ಕೆಲಸಕ್ಕ ಒಂದೊಂದು ಕಾನೂನು.

ಒಂದು ಕಟ್ಟಡ ಅಂತ ತಿಳ್ಕೋರಿ. ಮುಂದ ನಿಮ್ಮ ಅಂಗಡಿ, ಬೋರ್ಡ್ ನೀವ ಬರಸಿದ್ದು. ಬಾಜು ಗ್ವಾಡಿ ಮ್ಯಾಲ ಕಂಡ ಕಂಡವರೆಲ್ಲಾ ಬಂದು ಪೋಸ್ಟರ್ ಹಚ್ಚತಾರ. ಒಳಗ ಕಪಾಟಿನ್ಯಾಗ ಗಿರಾಕಿಗಳ ಹೆಸರು, ನಂಬರ್, ಬಾಕಿ ಬರದಿಟ್ಟ ವಹಿ. ಬೋರ್ಡಿನ ಮ್ಯಾಲ ತಪ್ಪು ಬರಸಿದ್ರ ಅದು ನಿಮ್ಮದ ತಪ್ಪು. ಗ್ವಾಡಿ ಮ್ಯಾಲಿನ ಪೋಸ್ಟರ್ ನಿಮ್ಮದಲ್ಲ, ಆದ್ರ ತೆಗೀರಿ ಅಂತ ಅಧಿಕಾರ ಇದ್ದವರು ಹೇಳಿದ ಮ್ಯಾಲೂ ಬಿಟ್ರ ನಿಮಗೂ ಬಿಸಿ ತಟ್ಟತೈತಿ. ವಹಿ ಕಳುವಾದ್ರ ಕದ್ದವನ ಜೋಡಿ ನಿಮ್ಮನ್ನೂ ಕೇಳ್ತಾರ, ಕೀಲಿ ಯಾಕ ಹಾಕಿರಲಿಲ್ಲ ಅಂತ. ಸುದ್ದಿಯೊಳಗ ಬಂದ 250 ಕೋಟಿ ವಹಿದು, 3 ತಾಸು ಗ್ವಾಡಿದು, ಬೆಳಗಾವಿ ಮಸೂದೆ ಹೆಚ್ಚಿನಂಶ ಬೋರ್ಡಿಂದು. ಇಷ್ಟು ಬಿಡಿಸಿಕೊಂಡ್ರ ಅರ್ಧ ತಲಿಬ್ಯಾನಿ ಹೋತು.

ನೀವ ಬರದದ್ದು

ಇದರಾಗ ಹೊಸಾದು ಭಾಳ ಇಲ್ಲ. ಪೇಪರಿನ್ಯಾಗ ಬರದ್ರ ಏನ ಹೊಣೆಯೋ ಸೈಟಿನ್ಯಾಗ ಬರದ್ರೂ ಅದ. ಮಾನಹಾನಿಗೆ ಮೊದಲ ಐಪಿಸಿ 499, 500 ಇದ್ವು, 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆ 356ನೇ ಕಲಮು, 2 ವರ್ಷದ ತನಕ ಸಾದಾ ಸಜಾ ಐತಿ. ಗೂಗಲ್‌ನಿಂದ ಎತ್ತಿ ಹಾಕಿದ ಫೋಟೋಕ್ಕ ಕಾಪಿರೈಟ್ ಇರ್ತೈತಿ, "ಕೃಪೆ: ಇಂಟರ್‌ನೆಟ್" ಅಂತ ಕೆಳಗ ಬರದ್ರ ಅದು ಪರ್ಮಿಷನ್ ಆಗಂಗಿಲ್ಲ.

ಲೋಕಲ್ ನ್ಯೂಸ್ ಪೋರ್ಟಲ್‌ನವರು ಖರೇ ಎಡವೂದು ಬ್ಯಾರೆ ಕಡೆ. ಲೈಂಗಿಕ ದೌರ್ಜನ್ಯದ ಕೇಸಿನ್ಯಾಗ ಸಂತ್ರಸ್ತೆ ಹೆಸರು ಹಾಕೂದು ಅಪರಾಧ ಅಂತ ಎಲ್ಲಾರಿಗೂ ಗೊತ್ತು, ಹಂಗಾಗಿ ಹೆಸರು ಬಿಡ್ತಾರ, ಆದ್ರ ಊರು, ಓಣಿ, ತಂದಿ ಮಾಡೂ ಉದ್ಯೋಗ, ಸಾಲಿ ಹೆಸರು ಎಲ್ಲಾ ಹಾಕಿಬಿಡ್ತಾರ. ಎರಡು ಸಾವಿರ ಜನಸಂಖ್ಯೆ ಇರೂ ಹಳ್ಳ್ಯಾಗ ಅಷ್ಟು ಸಾಕಲ್ರಿ ಗುರುತು ಹಿಡೀಲಿಕ್ಕೆ. ಕಾನೂನು ಹೇಳೂದು "ಹೆಸರು" ಅಂತ ಅಷ್ಟ ಅಲ್ಲ, ಗುರುತು ಸಿಗೂ ಯಾವ ಮಾಹಿತಿನೂ ಹಾಕಬಾರದು ಅಂತ. ನ್ಯಾಯ ಸಂಹಿತೆಯ 72, ಪೋಕ್ಸೋದ 23, ಬಾಲನ್ಯಾಯ ಕಾಯ್ದೆಯ 74, ಮೂರೂ ಇದನ್ನ ಹೇಳ್ತಾವು. ಇಲ್ಲಿ ಪೋರ್ಟಲ್ ಸಣ್ಣದು, ಓದೂ ಮಂದಿ ಕಡಿಮಿ ಅನ್ನೂ ವಿನಾಯಿತಿ ಇಲ್ಲ.

ಇನ್ನ ಪೋರ್ಟಲ್‌ಗೆ ಆರ್‌ಎನ್‌ಐ (ಪತ್ರಿಕೆ ನೋಂದಣಿಯ) ನಂಬರ್ ಬೇಕು ಅನ್ನೂ ಮಾತು ಸುಳ್ಳ. 2024ರ ಮಾರ್ಚ್ 1ಕ್ಕ ಜಾರಿಗೆ ಬಂದ ಪತ್ರಿಕಾ ನೋಂದಣಿ ಕಾಯ್ದೆ ಪ್ರಿಂಟ್ ಆಗೂ ನಿಯತಕಾಲಿಕಗಳದ್ದು. ಡಿಜಿಟಲ್ ಸುದ್ದಿಗೆ ಇರೂದು 2021ರ ಐಟಿ ರೂಲ್ಸಿನ ಮೂರನೇ ಭಾಗ. ಅದರೊಳಗಿನ ನೀತಿಸಂಹಿತೆಯ ಕೆಲವು ಉಪನಿಯಮಕ್ಕ ಬಾಂಬೆ ಹೈಕೋರ್ಟ್ 2021ರ ಆಗಸ್ಟ್‌ನಾಗನ ತಡೆ ಕೊಟ್ಟಿತ್ತು. ಆದ್ರೂ ದೂರು ಕೇಳೂ ಅಧಿಕಾರಿ ಹೆಸರು, ಈಮೇಲ್ ಸೈಟಿನ ಮ್ಯಾಲ ಹಾಕೂದು ಚಲೋ. ರೊಕ್ಕ ಬೀಳಂಗಿಲ್ಲ, ಎಷ್ಟೋ ಜಗಳ ಕೋರ್ಟಿಗೆ ಹೋಗೂ ಮೊದಲ ಅಲ್ಲೇ ಮುಗೀತಾವು.

ಮಂದಿ ಬರದದ್ದು, ಮತ್ತ ಆ 3 ತಾಸು

ಓದುಗರ ಅಭಿಪ್ರಾಯ, ಗಿರಾಕಿಗಳ ರಿವ್ಯೂ, "ಹೊಲ ಮಾರೂದೈತಿ" ಅನ್ನೂ ಜಾಹೀರಾತು, ಇವು ಬ್ಯಾರೆಯವರು ಹಾಕಿದ್ದು. ಇದಕ್ಕ ಐಟಿ ಕಾಯ್ದೆ 79ನೇ ಕಲಮು ರಕ್ಷಣೆ ಕೊಡತೈತಿ. ಮಧ್ಯವರ್ತಿ, ಅಂದ್ರ ಮಂದಿ ಬರದದ್ದಕ್ಕ ಜಾಗ ಕೊಟ್ಟ ಸೈಟಿನವ, ತಾನಾಗಿ ಹಾಕಿರಬಾರದು, ಯಾರಿಗೆ ತೋರಸಬೇಕು ಅಂತ ಆರಿಸಿರಬಾರದು, ಒಳಗಿನ ಮಾತು ತಿದ್ದಿರಬಾರದು. ಇಲ್ಲೊಂದು ಸೂಕ್ಷ್ಮ ಐತಿ: ಯಾರೋ ಬರದು ಕಳಿಸಿದ್ದನ್ನ ನೀವು ಎಡಿಟ್ ಮಾಡಿ, ಮಸಾಲಿ ಹೆಡ್‌ಲೈನ್ ಕೊಟ್ಟು ಹಾಕಿದ್ರ ಅದು ಗ್ವಾಡಿಯಿಂದ ಇಳದು ಬೋರ್ಡಿಗೆ ಬಂತು ಅಂತ ಲೆಕ್ಕ, ಆಮ್ಯಾಲ "ಅವರು ಬರದಿದ್ದು" ಅಂದ್ರ ನಡಿಯೂದು ಕಷ್ಟ.

ರಕ್ಷಣೆ ಯಾವಾಗ ಹೋಗತೈತಿ? ತಪ್ಪು ಐತಿ ಅಂತ "ಗೊತ್ತಾದ" ಮ್ಯಾಲೂ ತೆಗೀದಿದ್ರ. ಗೊತ್ತಾಗೂದು ಅಂದ್ರ ಏನು ಅನ್ನೂದಕ್ಕ 2015ರ ಮಾರ್ಚ್ 24ಕ್ಕ ಸುಪ್ರೀಂ ಕೋರ್ಟ್ ಶ್ರೇಯಾ ಸಿಂಘಾಲ್ ಕೇಸಿನ್ಯಾಗ ಉತ್ತರ ಕೊಟ್ಟೈತಿ. ಆನ್‌ಲೈನ್ ಪೋಸ್ಟಿಗೆ ಕೇಸ್ ಹಾಕಾಕ ಬಳಸ್ತಿದ್ದ ಐಟಿ ಕಾಯ್ದೆಯ 66ಎ ಕಲಮು ರದ್ದು ಮಾಡಿದ್ದು ಇದ ತೀರ್ಪು. ಕೋರ್ಟ್ ಆದೇಶ ಇಲ್ಲಾ ಸರ್ಕಾರದ ಅಧಿಕೃತ ಸೂಚನೆ ಬಂದ್ರ ಗೊತ್ತಾತು ಅಂತ ಅರ್ಥ, ಯಾರೋ ಸಿಟ್ಟಿಲೆ ಫೋನ್ ಮಾಡಿ "ತೆಗೀತಿಯೋ ಇಲ್ಲೋ" ಅಂದ್ರ ಅಲ್ಲ.

ಆದ್ರ ಸರ್ಕಾರದ ಸೂಚನೆ ಅಂದ್ರ ಯಾವ ಮಟ್ಟದ ಸಾಹೇಬ್ರು? ವರ್ಷಗಟ್ಲೆ ಗೊಂದಲ ಇದ್ದದ್ದು ಇದರಾಗ. 2025ರ ನವೆಂಬರ್ 15ರಿಂದ ಜಾರಿಯಾದ ತಿದ್ದುಪಡಿ ಪ್ರಕಾರ ಇಂಥಾ ಸೂಚನೆ ಕೊಡೂ ಅಧಿಕಾರಿ ಸಾಮಾನ್ಯವಾಗಿ ಜಂಟಿ ಕಾರ್ಯದರ್ಶಿ ದರ್ಜೆಗಿಂತ ಕೆಳಗ ಇರಬಾರದು, ಪೊಲೀಸ್ ಕಡೆಯಿಂದ ಆದ್ರ ಡಿಐಜಿಗಿಂತ ಕೆಳಗ ಇರಬಾರದು, ಕಾರಣ ಮತ್ತ ಯಾವ ಕಾನೂನು ಅನ್ನೂದು ಬರದಿರಬೇಕು. ಅಂದ್ರ ಠಾಣೆಯಿಂದ ಪಿಎಸ್‌ಐ ಮಾಡಿದ ಫೋನ್ ಈ ರೂಲ್ಸಿನ ಕೆಳಗಿನ ಆದೇಶ ಅಲ್ಲ. ಇಲ್ಲಿ ಒಂದು ಎಚ್ಚರ: ತನಿಖೆಗೆ ಮಾಹಿತಿ ಕೇಳಿ ಸಿಇಎನ್ (ಸೈಬರ್ ಅಪರಾಧ ನೋಡೂ) ಠಾಣೆಯಿಂದ ಬರೂ ನಾಗರಿಕ ಸುರಕ್ಷಾ ಸಂಹಿತೆ 94ನೇ ಕಲಮಿನ ನೋಟಿಸು ಪೂರಾ ಬ್ಯಾರೆ ವಿಷಯ. ಅದಕ್ಕ ಡಿಐಜಿ ಬೇಕಿಲ್ಲ, ಅದನ್ನ ಕಡೆಗಣಿಸಿದ್ರ ತ್ರಾಸ ಖಾತ್ರಿ.

ಈಗ ಎರಡು ಕಡೆ ವಾದ ಕೇಳ್ರಿ. ಸರ್ಕಾರ ಹೇಳೂದು, ಡೀಪ್‌ಫೇಕ್ ವಿಡಿಯೋ ಒಂದು ರಾತ್ರ್ಯಾಗ ಊರೂರು ಸುತ್ತತೈತಿ, 36 ತಾಸು ಕಾಯ್ದ್ರ ಮಾನ ಹೋದ ಮ್ಯಾಲ ತೆಗದಂಗ, ಅದಕ್ಕ 3 ತಾಸು. ಅದ ತಿದ್ದುಪಡಿ ಎಐಲೆ ಮಾಡಿದ ಕಂಟೆಂಟಿಗೆ ಲೇಬಲ್ ಹಚ್ಚಬೇಕು ಅಂತನೂ ಹೇಳತೈತಿ. ಎದುರು ವಾದದವರು ಹೇಳೂದು, 3 ತಾಸಿನಾಗ ಆದೇಶ ಸರಿ ಐತೋ ಇಲ್ಲೋ ಅಂತ ವಿಚಾರ ಮಾಡೂ ಪುರಸತ್ತ ಇಲ್ಲ, ಹೆದರಿ ಎಲ್ಲಾರೂ ಮೊದಲ ತೆಗೀತಾರ, ಸರ್ಕಾರವನ್ನ ಟೀಕಿಸಿದ್ದೂ ಅದರ ಜೋಡಿ ಹೋಗತೈತಿ. ಇದ ಧಾಟಿಯ ವಾದ ಇಟ್ಕೊಂಡು ಎಕ್ಸ್ (ಮೊದಲಿನ ಟ್ವಿಟರ್) ಕಂಪನಿ, ತೆಗೀರಿ ಅನ್ನೂ ಸೂಚನೆ ಕಳಿಸೂ ಕೇಂದ್ರದ 'ಸಹಯೋಗ' ಪೋರ್ಟಲ್ ವಿರುದ್ಧ ನಮ್ಮ ಕರ್ನಾಟಕ ಹೈಕೋರ್ಟಿಗೆ ಹೋಗಿತ್ತು. ಬ್ಲಾಕ್ ಮಾಡಬೇಕಂದ್ರ 69ಎ ಕಲಮಿನ ಪದ್ಧತಿ ಐತಲ್ಲ, 79ರ ಹಿಂಬಾಗಿಲಿಂದ ಯಾಕ ಬರ್ತೀರಿ ಅನ್ನೂದು ಅವರ ಪ್ರಶ್ನೆ. 2025ರ ಸೆಪ್ಟೆಂಬರ್ 24ಕ್ಕ ನ್ಯಾಯಮೂರ್ತಿ ಎಂ. ನಾಗಪ್ರಸನ್ನ ಅವರ ಪೀಠ ಅರ್ಜಿ ವಜಾ ಮಾಡ್ತು, ಕಂಪನಿ ಮೇಲ್ಮನವಿಗೆ ಹೋತು.

ದೊಡ್ಡ ಕಂಪನಿಗೆ 24 ತಾಸೂ ಪಾಳಿ ಹಚ್ಚಿ ಕುಂದ್ರೂ ಮಂದಿ ಅದಾರ. ಸಣ್ಣವನಿಗೆ? ಬೆಳಗಾವಿಯಿಂದ ವಿಜಯಪುರಕ್ಕ ಬಸ್ ಹತ್ತಿದ್ರ ಇಳಿಯೂದ್ರಾಗ 3 ತಾಸು ಮುಗದು ಹೋಗಿರ್ತಾವು. ರೂಲ್ಸ್ ಬರಿಯೂಮುಂದ ಕಣ್ಣ ಮುಂದ ಇದ್ದದ್ದು ಫೇಸ್‌ಬುಕ್, ಯೂಟ್ಯೂಬ್ ಅನ್ನೂದು ಸ್ಪಷ್ಟ, ಆದ್ರ "ಮಧ್ಯವರ್ತಿ" ಅನ್ನೂ ಶಬ್ದ ಎಲ್ಲಾರನ್ನೂ ಹಿಡೀತೈತಿ, 50 ಲಕ್ಷ ಬಳಕೆದಾರರ ಲೆಕ್ಕ ಇರೂದು ಹೆಚ್ಚುವರಿ ಹೊಣೆಗಷ್ಟ. ಇದು ನನ್ನ ಪ್ರಕಾರ ಈ ತಿದ್ದುಪಡಿಯ ದೊಡ್ಡ ಕೊರತೆ.

3 ತಾಸು ದಾಟಿದ್ರ ನೇರ ಜೈಲೇನು? ಅಲ್ಲ. 79ರ ಛತ್ರಿ ಹೋಗತೈತಿ, ಅಷ್ಟ. ಛತ್ರಿ ಹೋದ ಮ್ಯಾಲ ಆ ಬರಹ ಖರೇನ ಅಪರಾಧ ಹೌದೋ ಅಲ್ಲೋ, ಅದರಾಗ ನಿಮ್ಮ ಪಾತ್ರ ಏನು ಅನ್ನೂದು ಕೋರ್ಟಿನ್ಯಾಗ ಸಾಬೀತಾಗಬೇಕು. ಮತ್ತ ಒಂದು ಮಾತು: ತೆಗೀರಿ ಅಂದ್ರ ಸೈಟಿನಿಂದ ತೆಗೀರಿ, ಪೂರಾ ಅಳಿಸಬ್ಯಾಡ್ರಿ, 180 ದಿನ ಕಾಪಿ ಕಾದಿಡಬೇಕಂತ ರೂಲ್ಸ್ ಹೇಳತೈತಿ.

ಕಪಾಟಿನ್ಯಾಗಿನ ವಹಿ: 250 ಕೋಟಿ ಎಲ್ಲಿಂದ ಬಂತು

ಇದು ಭಾಳ ಮಂದಿ ಲಕ್ಷ್ಯ ಕೊಡದ ಭಾಗ, ಆದ್ರ ನಮ್ಮ ಕಡೆ ಸಣ್ಣ ಸೈಟಿನವರಿಗೆ ಖರೇ ತಗಲೂದು ಇದ.

ಹಿನ್ನೆಲೆ ಒಂದೆರಡು ಮಾತು. ಖಾಸಗಿತನ ಮೂಲಭೂತ ಹಕ್ಕು ಅಂತ ಸುಪ್ರೀಂ ಕೋರ್ಟಿನ 9 ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ಕ್ಕ ಹೇಳ್ತು, ಆ ಕೇಸ್ ಹಾಕಿದ ಕೆ.ಎಸ್. ಪುಟ್ಟಸ್ವಾಮಿ ಅವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ. ಆಮ್ಯಾಲ ಕರಡು ಮ್ಯಾಲ ಕರಡು ಬಂದು, 2023ರ ಆಗಸ್ಟ್‌ನಾಗ ಡೇಟಾ ರಕ್ಷಣೆ ಕಾಯ್ದೆ ಆತು, ರೂಲ್ಸ್ ಬರಾಕ ಮತ್ತ ಎರಡು ವರ್ಷದ ಮ್ಯಾಲ ಹೋತು. ದೂರು ವಿಚಾರಿಸಿ ದಂಡ ಹಾಕೂ ಡೇಟಾ ಮಂಡಳಿಗೆ ಸಂಬಂಧಪಟ್ಟ ನಿಯಮ ತಕ್ಷಣ ಜಾರಿ, ಸೈಟಿನವರ ಮುಖ್ಯ ಹೊಣೆಗಳು ರೂಲ್ಸ್ ಬಂದು 18 ತಿಂಗಳ ಮ್ಯಾಲೆ, ಅಂದ್ರ 2027ರ ಮೇ ತಿಂಗಳಿಗೆ. ಅಲ್ಲೀತನಕ ಏನೂ ಇಲ್ಲ ಅಂತಲ್ಲ, ಐಟಿ ಕಾಯ್ದೆಯ 43ಎ ಮತ್ತ 2011ರ ಹಳೇ ರೂಲ್ಸ್ ನಡದಾವು.

250 ಕೋಟಿ ಅನ್ನೂದರ ಹಿಂದ "ತನಕ" ಅನ್ನೂ ಶಬ್ದ ಐತಿ, ಹೆಡ್‌ಲೈನಿನ್ಯಾಗ ಅದು ಬಿಟ್ಟು ಹೋಗಿರ್ತೈತಿ. ಡೇಟಾ ಕಾಯಾಕ ತಕ್ಕ ಬಂದೋಬಸ್ತ್ ಮಾಡದಿದ್ರ 250 ಕೋಟಿ ತನಕ, ಸೋರಿದ್ದನ್ನ ತಿಳಿಸದಿದ್ರ 200 ಕೋಟಿ ತನಕ, ಮಕ್ಕಳ ಡೇಟಾ ವಿಷಯದಾಗ 200 ಕೋಟಿ ತನಕ. ದಂಡ ಎಷ್ಟು ಹಾಕಬೇಕು ಅನ್ನೂಮುಂದ ತಪ್ಪಿನ ತೂಕ, ಎಷ್ಟು ದಿನ ನಡೀತು, ಮತ್ತ ಮತ್ತ ಮಾಡ್ಯಾರೇನು, ಅದರಿಂದ ಲಾಭ ಮಾಡ್ಕೊಂಡಾರೇನು, ತಿದ್ದಿಕೊಳ್ಳಾಕ ಏನ ಮಾಡಿದ್ರು ಅಂತೆಲ್ಲಾ ಮಂಡಳಿ ನೋಡಬೇಕಂತ ಕಾಯ್ದೆಯೊಳಗನ ಬರದೈತಿ. ಕರದಂಟಿನ ಅಂಗಡಿಗೆ ಯಾರೂ 250 ಕೋಟಿ ಹಾಕಂಗಿಲ್ಲ. ಇನ್ನೊಂದು, ಆ ರೊಕ್ಕ ಸರ್ಕಾರದ ಸಂಚಿತ ನಿಧಿಗೆ ಹೋಗತೈತಿ, ಡೇಟಾ ಕಳಕೊಂಡವನಿಗೆ ಮಂಡಳಿಯಿಂದ ಒಂದು ಪೈಸಾನೂ ಪರಿಹಾರ ಇಲ್ಲ, ಪರಿಹಾರ ಕೊಡಸ್ತಿದ್ದ 43ಎ ಸಹ ಹೊಸ ಹೊಣೆಗಳು ಜಾರಿಯಾದಾಗ ಹೋಗಿಬಿಡತೈತಿ. ಇದರ ಬಗ್ಗೆ ಚರ್ಚಾ ಆಗಿದ್ದು ಕಡಿಮಿ.

ಹೊಣೆ ಯಾರದು ಅನ್ನೂದಕ್ಕ ಬರೂಣು. ಯಾವ ಡೇಟಾ, ಯಾಕ ಬೇಕು ಅಂತ ತೀರ್ಮಾನ ಮಾಡಾವ ಯಾರೋ ಅವಂದು. ಸೈಟ್ ಮಾಡಿಕೊಟ್ಟ ಹುಡುಗಂದಲ್ಲ, ಹೋಸ್ಟಿಂಗ್ ಕಂಪನಿದೂ ಅಲ್ಲ. "ಅದೆಲ್ಲಾ ನಮ್ಮ ಡೆವಲಪರ್ ನೋಡ್ಕೋತಾನ" ಅನ್ನೂ ಮಾತು ಇನ್ನ ಮ್ಯಾಲ ನಡಿಯಂಗಿಲ್ಲ, ಅವನ ಜೋಡಿ ಏನ ಬಾಂಡ್ ಬರಕೊಂಡ್ರೂ ಕಾಯ್ದೆ ಮುಂದ ಹೊಣೆ ನಿಮ್ಮದ.

ಈಗ ನಮ್ಮ ಕಡೆ ಸೈಟಿನ ಫಾರ್ಮ್ ನೋಡ್ರಿ. ಕೋಚಿಂಗ್ ಕ್ಲಾಸಿನ ವಿಚಾರಣೆ ಫಾರ್ಮಿನ್ಯಾಗ ಹುಡುಗನ ಹೆಸರು, ಹುಟ್ಟಿದ ತಾರೀಖು, ಜಾತಿ, ತಂದಿ ಆದಾಯ, ಆಧಾರ್ ನಂಬರ್ ಎಲ್ಲಾ ಕೇಳಿರ್ತಾರ, ಬರೇ ಫೀ ಎಷ್ಟು ಅಂತ ಕೇಳಾಕ ಬಂದವನಿಗೆ! ಯಾಕ ಅಂದ್ರ ಉತ್ತರ ಇಲ್ಲ, ಹಿಂದಿನ ಫಾರ್ಮಿನ್ಯಾಗ ಇತ್ತು, ಕಾಪಿ ಹೊಡದ್ರು, ಅಷ್ಟ. ಸೊಸೈಟಿಯ ಸೈಟಿನ್ಯಾಗ ಪ್ಯಾನ್ ಕಾರ್ಡ್ ಫೋಟೋ ಅಪ್‌ಲೋಡ್ ಮಾಡಸ್ತಾರ, ಅದು ಹೋಗಿ ಯಾವ ಫೋಲ್ಡರಿನ್ಯಾಗ ಕುಂಡ್ರತೈತಿ, ಯಾರ ಯಾರ ತೆಗದು ನೋಡಬಹುದು ಅಂತ ಸೆಕ್ರೆಟರಿಗೂ ಗೊತ್ತಿರಂಗಿಲ್ಲ. ವಧು-ವರರ ಸೈಟಿನ್ಯಾಗ ಮದುವಿ ಆಗಿ ಮಕ್ಕಳು ಸಾಲಿಗೆ ಹೋದ್ರೂ ಅವ್ವನ ಕನ್ಯಾ ಫೋಟೋ ಹಂಗ ಇರ್ತೈತಿ. ಹೊಸ ಕಾಯ್ದೆ ಹೇಳೂದು: ಬೇಕಾದಷ್ಟ ಕೇಳ್ರಿ, ಯಾಕ ಅಂತ ಹೇಳ್ರಿ, ಕೆಲಸ ಮುಗಿದ ಮ್ಯಾಲ ಅಳಸ್ರಿ. ಸೀರಿ ಕಳಸಾಕ ವಿಳಾಸ ಬೇಕು, ಗಿರಾಕಿ ತಾನಾಗಿ ಕೊಡ್ತಾನ, ಅಷ್ಟಕ್ಕ ದೊಡ್ಡ ತಕರಾರಿಲ್ಲ. ಅದ ನಂಬರ್ ತಗೊಂಡು ಹೋಗಿ ಪಕ್ಕದ ಬಂಗಾರದ ಅಂಗಡಿಗೆ ಕೊಟ್ರ ತಕರಾರು.

ಒಪ್ಪಿಗೆ ಕೇಳೂ ನೋಟಿಸನ್ನ ಇಂಗ್ಲಿಷಿನ್ಯಾಗ ಇಲ್ಲಾ ಸಂವಿಧಾನದ ಎಂಟನೇ ಅನುಸೂಚಿಯ 22 ಭಾಷಾದೊಳಗ ಯಾವುದರಾಗ ಬೇಕಂದ್ರೂ ಓದೂ ಅವಕಾಶ ಇರಬೇಕು. ಬೆಳಗಾವಿ ಸೈಟಿಗೆ ಅಂದ್ರ ಕನ್ನಡ, ಮರಾಠಿ ಎರಡೂ ಮೊದಲ ಬರ್ತಾವು. ಈಗ ಹೆಚ್ಚಿನ ಸೈಟಿನ್ಯಾಗ ಇರೂ "ಪ್ರೈವಸಿ ಪಾಲಿಸಿ" ಯಾವುದೋ ಅಮೆರಿಕಾದ ಸೈಟಿಂದು ಎತ್ತಿದ್ದು, ಕೆಲವದರಾಗ ಕ್ಯಾಲಿಫೋರ್ನಿಯಾ ಕಾನೂನು ಅನ್ವಯ ಅಂತನೂ ಇರ್ತೈತಿ, ಹುಕ್ಕೇರಿ ಅಂಗಡಿಗೆ ಕ್ಯಾಲಿಫೋರ್ನಿಯಾ ಕಾನೂನು!

ಮಕ್ಕಳ ವಿಷಯ ಇನ್ನೂ ಬಿಗಿ. 18 ವರ್ಷದ ಒಳಗಿನವರ ಡೇಟಾಕ್ಕ ತಂದಿ-ತಾಯಿ ಒಪ್ಪಿಗೆ, ಅದೂ ಪರೀಕ್ಷಿಸಿ ನೋಡಬಹುದಾದಂಥಾ ಒಪ್ಪಿಗೆ ಬೇಕು. ಕಲಿಸೂ ಸಂಸ್ಥೆಗೆ ಕಲಿಸೂ ಕೆಲಸ ಮತ್ತ ಮಕ್ಕಳ ಸುರಕ್ಷತೆ ಮಟ್ಟಿಗೆ ವಿನಾಯಿತಿ ಕೊಟ್ಟಾರ. ಆದ್ರ ನವೋದಯ, ಸೈನಿಕ ಶಾಲೆಗೆ ಆಯ್ಕೆ ಆದ ಹುಡುಗ್ರ ಫೋಟೋ, ಊರು, ಅಂಕ ಹಾಕಿ ಮುಂದಿನ ವರ್ಷದ ಅಡ್ಮಿಷನ್ನಿಗೆ ಜಾಹೀರಾತು ಮಾಡೂದು "ಕಲಿಸೂದು" ಅಂತ ವಾದ ಮಾಡಿ ಗೆಲ್ಲೂದು ಕಷ್ಟ ಐತಿ. ಪಾಲಕರ ಸಹಿ ತಗೊಂಡು ಇಟ್ಕೊಳ್ಳೂದ ಹಾದಿ.

ಸೋರಿಕೆ ಆದ್ರ ಎರಡು ಗಡಿಯಾರ ಓಡಾಕ ಶುರು ಆಗ್ತಾವು. ಒಂದು ಹಳೇದು: 2022ರ ಏಪ್ರಿಲ್ 28ರ ಸರ್ಟ್-ಇನ್ (ಕೇಂದ್ರದ ಸೈಬರ್ ಸುರಕ್ಷತಾ ಸಂಸ್ಥೆ) ಆದೇಶ ಪ್ರಕಾರ ಸೈಬರ್ ದಾಳಿ ಗೊತ್ತಾದ 6 ತಾಸಿನಾಗ ಅವರಿಗೆ ತಿಳಸಬೇಕು. ಇದು ಈಗಾಗಲೇ ಜಾರಿಯಾಗೈತಿ. ಇನ್ನೊಂದು ಹೊಸಾದು: ಡೇಟಾ ಮಂಡಳಿಗೂ, ಡೇಟಾ ಹೋದವರಿಗೂ ತಡ ಮಾಡದ ಹೇಳಬೇಕು, ಮಂಡಳಿಗೆ ಪೂರಾ ವಿವರ 72 ತಾಸಿನಾಗ. 3 ತಾಸಿನ ಲೆಕ್ಕ ಇದರಾಗ ಎಲ್ಲೂ ಬರಂಗಿಲ್ಲ ಅನ್ನೂದು ಗಮನಿಸ್ರಿ, ವಾಟ್ಸಾಪ್ ಮೆಸೇಜ್ ಕಲಸಿದ್ದು ಇಲ್ಲೇ.

ವಿರೋಧದ ದನಿಗಳೂ ಅದಾವು. ಸಣ್ಣ ಉದ್ದಿಮಿದಾರರು ಖರ್ಚು ತಾಳಂಗಿಲ್ಲ ಅಂತಾರ. ಸ್ಟಾರ್ಟಪ್‌ಗಳಿಗೆ ಕೆಲವು ಕಲಮಿನಿಂದ ವಿನಾಯಿತಿ ಕೊಡೂ ಅಧಿಕಾರ ಸರ್ಕಾರಕ್ಕ ಐತಿ, ಆದ್ರ ಓಣಿ ಅಂಗಡಿಗೆ ಅದು ತಾನಾಗಿ ಬರಂಗಿಲ್ಲ. ಆರ್‌ಟಿಐ ಕಾರ್ಯಕರ್ತರು ಹೇಳೂದು, ಈ ಕಾಯ್ದೆ ಮಾಹಿತಿ ಹಕ್ಕು ಕಾಯ್ದೆಯ 8(1)(ಜೆ), ಅಂದ್ರ ವೈಯಕ್ತಿಕ ಮಾಹಿತಿ ಕೊಡದಿರೂ ಕಲಮು, ಬದಲಿಸಿ "ವೈಯಕ್ತಿಕ" ಅನ್ನೂ ಹೆಸರಿನ್ಯಾಗ ಭ್ರಷ್ಟರನ್ನ ಮುಚ್ಚಿಡತೈತಿ ಅಂತ. ಪತ್ರಕರ್ತರ ದೂರು ಇನ್ನೂ ನೇರ ಐತಿ: 2019ರ ಮಸೂದೆಯೊಳಗ ಪತ್ರಿಕೋದ್ಯಮಕ್ಕ ಇದ್ದ ವಿನಾಯಿತಿ 2023ರ ಕಾಯ್ದೆಯೊಳಗ ಮಾಯ ಆಗೈತಿ. ಹಂಗಾರ ಟೆಂಡರ್ ಗೋಲ್‌ಮಾಲ್ ಮಾಡಿದ ಗುತ್ತಿಗೆದಾರನ ಹೆಸರು ಬರಿಯಾಕ ಅವನ ಒಪ್ಪಿಗೆ ಕೇಳಬೇಕೇನು? ಹಂಗ ಆಗಬಾರದು, ಆದ್ರ ಕಾಯ್ದೆ ಓದಿ "ಇಲ್ಲ" ಅಂತ ಬೆರಳಿಟ್ಟು ತೋರಸೂ ಜಾಗ ಸಿಗಂಗಿಲ್ಲ.

ಮಾರೂ ಸೈಟ್ ಆದ್ರ

ಇದು ಸರಳ. 2020ರ ಇ-ಕಾಮರ್ಸ್ ರೂಲ್ಸ್ ಪ್ರಕಾರ ಹೆಸರು, ವಿಳಾಸ, ದೂರು ಅಧಿಕಾರಿ ಹೆಸರು ಹಾಕಬೇಕು, ದೂರು ಮುಟ್ಟೇತಿ ಅಂತ 48 ತಾಸಿನಾಗ ಹೇಳಬೇಕು, ಒಂದು ತಿಂಗಳಾಗ ಮುಗಿಸಬೇಕು. "ಮಾರಿದ ಮಾಲು ವಾಪಸ್ ಇಲ್ಲ" ಅಂತ ಬೋರ್ಡ್ ಹಾಕಿದ್ರೂ ಹರಕು ಮಾಲು, ಫೋಟೋದಾಗ ಒಂದು ಕಳಿಸಿದ್ದು ಒಂದು ಆದ್ರ ವಾಪಸ್ ತಗೊಳ್ಳಲೇಬೇಕು. ಕರದಂಟು ತಿನ್ನೂ ವಸ್ತು, ಎಫ್‌ಎಸ್‌ಎಸ್‌ಎಐದ 14 ಅಂಕಿ ನಂಬರ್ ಬೇಕು. ಇಳಕಲ್ಲ ಸೀರಿಗೆ ಜಿಐ (ಊರಿನ ಹೆಸರಿಗೆ ಕಾನೂನಿನ ರಕ್ಷಣೆ) ಐತಿ, ತೋಪು ತೆನಿ ಸೆರಗಿನ ಪ್ರಿಂಟ್ ಹೊಡದ ಬ್ಯಾರೆ ಊರಿನ ಸೀರಿಗೆ ಆ ಹೆಸರು ಹಚ್ಚಿ ಮಾರೂದು ಬರೇ ಮೋಸ ಅಲ್ಲ, 6 ತಿಂಗಳಿಂದ 3 ವರ್ಷದ ತನಕ ಸಜಾ ಇರೂ ಅಪರಾಧ.

ಬೆಳಗಾವಿ ಮಸೂದೆ

ಡಿಸೆಂಬರ್‌ನಾಗ ಸುವರ್ಣ ಸೌಧದಾಗ ಪಾಸ್ ಆದ ದ್ವೇಷ ಭಾಷಣ ಮತ್ತು ದ್ವೇಷ ಅಪರಾಧ ತಡೆ ಮಸೂದೆ ಮೊದಲ ಸಲದ ತಪ್ಪಿಗೆ 1ರಿಂದ 7 ವರ್ಷ ಜೈಲು ಹೇಳತೈತಿ. ವಾಟ್ಸಾಪ್‌ನ ಆ "7 ವರ್ಷ" ಬಂದದ್ದು ಇಲ್ಲಿಂದ. ಸೈಟಿನವರಿಗೆ ಮುಖ್ಯ ಆಗೂದು ಅದರೊಳಗಿನ ಇನ್ನೊಂದು ಮಾತು, ನಿಗದಿ ಮಾಡಿದ ಅಧಿಕಾರಿ ದ್ವೇಷದ ಕಂಟೆಂಟನ್ನ ತೆಗೀರಿ, ಬ್ಲಾಕ್ ಮಾಡ್ರಿ ಅಂತ ಮಧ್ಯವರ್ತಿಗಳಿಗೆ ಹೇಳಬಹುದು. ಸದನದಾಗ ಪಾಸ್ ಆಗೂದು ಬ್ಯಾರೆ, ಅಂಕಿತ ಬಿದ್ದು ಗೆಜೆಟ್‌ನಾಗ ಬಂದು ಕಾನೂನು ಆಗೂದು ಬ್ಯಾರೆ ಅನ್ನೂದು ನೆನಪಿರಲಿ.

ಸರ್ಕಾರದ ವಾದ, ಊರಿಗೆ ಬೆಂಕಿ ಹತ್ತಿದ ಮ್ಯಾಲ ಕೇಸ್ ಹಾಕೂದಕ್ಕಿಂತ ಮೊದಲ ತಡೀಬೇಕು. ವಿರೋಧ ಪಕ್ಷದವರು, ಇದು ಬಾಯಿ ಮುಚ್ಚಿಸೂ ಹತ್ಯಾರ ಅಂತಾರ. ಕಾನೂನಿನ ಕಡೆಯಿಂದ ನೋಡಿದ್ರ ಇನ್ನೊಂದು ಗಂಟು ಐತಿ: ಬ್ಲಾಕ್ ಮಾಡೂದಕ್ಕ ಕೇಂದ್ರದ ಐಟಿ ಕಾಯ್ದೆ ಇದ್ದಾಗ ರಾಜ್ಯ ಅಲ್ಲಿ ಕೈ ಹಾಕಬಹುದೇನು? ಇದು ಕಡೀಕ ಹೈಕೋರ್ಟಿಗೆ ಹೋಗೂ ಪ್ರಶ್ನೆ.

ಮುಂದ ಏನ ಆಗಬಹುದು

ಹೆದರಿದ ಸಣ್ಣ ಸೈಟಿನವರು ಮಂದಿ ಬರಿಯೂ ಜಾಗ ಬಂದ್ ಮಾಡ್ತಾರ. ಕೆಲವರು ಸೈಟ್ ಬಿಟ್ಟು ಫೇಸ್‌ಬುಕ್ ಪೇಜಿಗೆ, ವಾಟ್ಸಾಪ್ ಚಾನಲ್ಲಿಗೆ ಹೋಗ್ತಾರ, ಅಲ್ಲಿ ಹೊಣೆ ಇಲ್ಲ ಅಂತ ತಿಳಕೊಂಡು. ಖರೇ ಅಂದ್ರ ಬೋರ್ಡ್ ಯಾವ ಗ್ವಾಡಿಗೆ ಹಾಕಿದ್ರೂ ಬರಸಿದವರು ನೀವ, ಗಿರಾಕಿ ನಂಬರ್ ವಾಟ್ಸಾಪ್‌ನಾಗ ತಗೊಂಡ್ರೂ ವಹಿ ನಿಮ್ಮದ. ಡೆವಲಪರ್‌ಗಳ ರೇಟ್ ಏರತೈತಿ, "ಡೇಟಾ ಕಾಯ್ದೆ ಸರ್ಟಿಫಿಕೇಟ್ ಕೊಡಸ್ತೇವಿ" ಅಂತ ರೊಕ್ಕ ಕೀಳೂ ಏಜೆಂಟರೂ ಹುಟ್ಟತಾರ. ಅಂಥಾ ಸರ್ಟಿಫಿಕೇಟ್ ಸಣ್ಣ ಸೈಟಿಗೆ ಕಾಯ್ದೆ ಎಲ್ಲೂ ಕೇಳಿಲ್ಲ. ಫಾರ್ಮಿನ್ಯಾಗಿನ ಬ್ಯಾಡಾದ ಖಾನೆ ತೆಗಿಯೂದು ಇವತ್ತ ಸಂಜಿಗೆ ಆಗೂ ಕೆಲಸ, ಅದಕ್ಕ ಏಜೆಂಟ್ ಬೇಕಿಲ್ಲ, ಯಾಕಂದ್ರ ಇಟ್ಟಕೊಳ್ಳದ ಡೇಟಾ ಸೋರಂಗಿಲ್ಲ.

ಅದಕ್ಕೂ ಮೊದಲ ನೋಡೂದು ಇನ್ನೊಂದೈತಿ. ನಮ್ಮ ಕಡೆ ಎಷ್ಟೋ ಸೈಟಿನ ಡೊಮೇನ್, ಹೋಸ್ಟಿಂಗ್ ಎರಡೂ ಮಾಡಿಕೊಟ್ಟ ಹುಡುಗನ ಹೆಸರಿನ್ಯಾಗ, ಅವನ ಮೇಲ್ ಐಡಿ ಮ್ಯಾಲ ಇರ್ತಾವು. ಅವನಿಗೆ ಪುಣೆದಾಗ ನೌಕರಿ ಸಿಕ್ಕು ಹೋಗಿ ಎರಡು ವರ್ಷ ಆಗಿರ್ತೈತಿ. ಆದೇಶ ಬರೂದು ಅವನ ಮೇಲ್‌ಗೆ, ಪಾಸ್‌ವರ್ಡ್ ಬದಲಿ ಮಾಡೂ ಓಟಿಪಿ ಬರೂದು ಅವನ ಮೊಬೈಲಿಗೆ, ಹೊಣೆ ಮಾತ್ರ ಇಲ್ಲಿ ಗಲ್ಲಾದ ಮ್ಯಾಲ ಕುಂತ ನಿಮ್ಮದು. 3 ತಾಸಿನ ಗಡಿಯಾರ ಅವನು ಫೋನ್ ಎತ್ತೂತನಕ ಕಾಯಂಗಿಲ್ಲ.